ಸಮುದ್ರಕ್ಕೆ ಹೋದ ತಗಡು

ಆಕೆ ಕುಳಿತು ಚಹಾ ಕುಡಿದದ್ದನ್ನು ನಾನು ಕಂಡಿಲ್ಲ. ಬಶಿಯಲ್ಲಿ ಸುರುವಿಕೊಂಡು, ನಿಂತಲ್ಲೇ ಎರಡು ಗುಟುಕಿಗೆ ಮುಗಿಸಿ, ಕಪ್ಪನ್ನು ಕಟ್ಟೆಯ ಮೇಲಿಟ್ಟು ನಡೆದುಬಿಡುತ್ತಿದ್ದಳು. ಮಾತೂ ಹಾಗೇ. ಅರ್ಧ ಮಾತು ನಮ್ಮ ಬಾಗಿಲಲ್ಲಿ, ಉಳಿದರ್ಧ ಆಕೆಯ ಅಂಗಡಿಯ ಒಳಗಿನಿಂದ. ಪೂರ್ತಿ ಕೇಳಬೇಕಾದರೆ ನಾವೇ ಎದ್ದು ಹಿಂದೆ ಹೋಗಬೇಕು. ಹೋದ ತಿಂಗಳು ಆಕೆ ತೀರಿಕೊಂಡಳು. ಮಣ್ಣಿಗೆ ಹೋಗಿ ಬಂದ ಗಂಡಸರು ನಮ್ಮ ಕಟ್ಟೆಯ ಮೇಲೆ ಕುಳಿತು "ಭಾಳ ಶಾಂತ ಹೆಣ್ಣುಮಗಳ್ರಿ" ಎಂದು ಮಾತಾಡಿಕೊಂಡರು. ಸತ್ತವರ ಬಗ್ಗೆ ಸುಳ್ಳು ಹೇಳುವುದು ಒಂದು ರೂಢಿ. ಆಕೆಯಲ್ಲಿ ಶಾಂತಿ ಎಂಬುದು ಎಳ್ಳಷ್ಟೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಮೂರನೇ ಇಯತ್ತೆ ತನಕ ಕಲಿತವಳು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಹೆಸರು ಬರೆಯುವುದಿಲ್ಲ. ಅಣ್ಣಿಗೇರಿಯ ನಮ್ಮ ಓಣಿಯವರಿಗೆಲ್ಲ ಆಕೆ ಖಾಲಾ. ಅವರ ಉರ್ದು ಮಾತಿನಲ್ಲಿ ಚಿಕ್ಕವ್ವ ಅಂತ. ನನಗಿಂತ ಎರಡು ವರ್ಷ ಸಣ್ಣವಳು, ಆದರೂ ನಾನೂ ಖಾಲಾ ಎಂದೇ ಕರೆದೆ. ಗಂಡ ತಗಡಿನ ಕೆಲಸದವನು. ಲಾಟೀನು, ಚಿಮಣಿ, ಎಣ್ಣೆ ಸುರುವುವ ಲಾಳಿಕೆ, ಕಾಳಿನ ಡಬ್ಬಿ ಮಾಡಿ ಮಾರುತ್ತಿದ್ದ. ಆತ ಸತ್ತ ಮೇಲೆ ಅಂಗಡಿ ಮುಚ್ಚಿತೆಂದು ಎಲ್ಲರೂ ತಿಳಿದಿದ್ದೆವು. ಗಂಡ ಸತ್ತ ಹೆಂಗಸು ಮನೆಯೊಳಗೇ ಇರಬೇಕಾದ ದಿನಗಳು ಅವರಲ್ಲಿ ನಾಲ್ಕು ತಿಂಗಳ ಮೇಲೆ ಹತ್ತು. ಅವು ಮುಗಿದ ಮರುದಿನ ಬೆಳಿಗ್ಗೆ ನೋಡಿದರೆ ಕುಟ್ಟುವ ಸಪ್ಪಳ. ಗಂಡನ ಕತ್ತರಿ, ಗಂಡನ ಕೊಡತಿ, ಗಂಡನ ಅಡೆಗಲ್ಲು ಎಲ್ಲ ಹೊರಗೆ ತೆಗೆದು ಡಬ್ಬಿಗೆ ತಳ ಹಾಕುತ್ತಿದ್ದಳು.

"ಯಾವಾಗ ಕಲತಿ?" ಎಂದು ಕೇಳಿದೆ.

"ಇಪ್ಪತ್ತು ವರ್ಷ ಬುತ್ತಿ ತಂದು ಕೊಡಾಕ ಬರ್ತಿದ್ದೆನಲ್ಲ. ಕಣ್ಣ ಏನ್ ಮನ್ಯಾಗ ಇಟ್ಟು ಬರ್ತಿದ್ದೆನೇನ ಬೇ?"

ಅಂಗಡಿ ಮಾತ್ರ ಆಕೆಯದಲ್ಲ, ಮೈದುನನದು. ಬಾಜುವಿನಲ್ಲೇ ಅವನ ಮೊಬೈಲ್ ರಿಪೇರಿ ಅಂಗಡಿ, ನಡುವೆ ಒಂದು ಗೋಡೆ. ಕೆಟ್ಟವನಲ್ಲ. ಕರಾರು ಮಾತ್ರ ಮೊದಲೇ ಹೇಳಿದ್ದ: "ಭಾಬಿ, ಕೆಲಸ ಇರೂತನಕ ಅಂಗಡಿ ನಿಮ್ದು. ಕೆಲಸ ನಿಂತ ದಿನ ನನಗ ಬಿಟ್ಟುಬಿಡ್ರಿ. ಗ್ವಾಡಿ ಕೆಡವಿ ಒಂದ ಮಾಡ್ತೇನಿ." ಆಕೆ ಆತು ಎಂದಿದ್ದಳು. ಆಮೇಲೆ ಊರಿಗೆ ಪ್ಲಾಸ್ಟಿಕ್ ಬಂತು. ಲಾಟೀನು ಕೇಳುವವರು ಸತ್ತುಹೋದರು. ತಿಂಗಳಿಗೆ ಎರಡು ಡಬ್ಬಿ ಹೋದರೆ ಹೆಚ್ಚು. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಸಪ್ಪಳ ಶುರುವಾಗುತ್ತಿತ್ತು. ಒಂದು ದಿನ ಹೋಗಿ ನೋಡಿದೆ. ಮುಂದೆ ಒಂದು ಹಳೆಯ ಖಾಲಿ ಡಬ್ಬಿ. ಅದನ್ನೇ ಬಡಿಯುತ್ತಿದ್ದಳು, ತಗ್ಗು ಮಾಡುವುದು, ತಿರುವಿ ಹಾಕಿ ತಗ್ಗು ತೆಗೆಯುವುದು.

"ಏನ್ ಮಾಡಾಕ ಹತ್ತೀದಿ?"

"ಸುಮ್ನಿರು. ಕೆಲಸ ಐತಿ ಅಂತ ಆ ಗ್ವಾಡಿಗೆ ಕೇಳಬೇಕು."

ಕೂತಿರಲು ಆಗುತ್ತಿರಲಿಲ್ಲ ಆಕೆಗೆ. ಮಗಳು ಗದಗಿನಲ್ಲಿ ಒಳ್ಳೆಯ ಮನೆ ಸೇರಿದ್ದಳು, ಬಾ ಬಾ ಎಂದು ಕರೆಯುತ್ತಿದ್ದಳು. ಹೋಗಿ ಎರಡನೆಯ ದಿನಕ್ಕೇ ತಿರುಗಿ ಬರುತ್ತಿದ್ದಳು. ಯಾಕೆಂದು ಕೇಳಿದರೆ, "ಅಲ್ಲಿ ಕುಂತ್ರ ಕಾಲು ನನ್ನ ಕೇಳತಾವು, ಯಾಕ ಕುಂತಿ ಅಂತ. ಏನ್ ಹೇಳ್ಲಿ ಅವಕ್ಕ?" ಎನ್ನುತ್ತಿದ್ದಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ಊರು ಬರುವುದಕ್ಕಿಂತ ಎರಡು ಸ್ಟಾಪ್ ಮೊದಲೇ ಎದ್ದು ಬಾಗಿಲ ಹತ್ತಿರ ನಿಲ್ಲುವವಳು.

ಆಕೆಯ ತಂಗಿಯ ಗಂಡ ಕಾರವಾರದ ಕಡೆಯವನು, ತಾಂಡೇಲ. ಮೀನುದೋಣಿಯ ಯಜಮಾನಿಕೆ ಮಾಡಿ ನಡೆಸುವವನಿಗೆ ಅಲ್ಲಿ ಹಾಗೆನ್ನುತ್ತಾರೆ. ಒಂದು ಮಳೆಗಾಲ ದೋಣಿಗಳೆಲ್ಲ ದಡದಲ್ಲಿದ್ದಾಗ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಅಂಗಡಿಯ ಮುಂದೆ ನಿಂತು, ಆಕೆ ಕತ್ತರಿಸಿ ಒಗೆದ ತಗಡಿನ ಚೂರು ಬಿಸಿಲಿಗೆ ಹೊಳೆಯುವುದನ್ನು ಬಹಳ ಹೊತ್ತು ನೋಡಿದ. ಹೆಂಡತಿಯ ಅಕ್ಕನನ್ನು ಆತ ಆಪಾ ಎನ್ನುತ್ತಿದ್ದ.

"ಆಪಾ, ಇಂಥಾವು ಅಂಗೈಯಷ್ಟು ಮಾಡಿ ಕೊಡ್ತೀರೇನು? ಮೀನಿಗೆ ತೋರ್ಸಬೇಕು."

"ಮೀನಿಗೆ ತಗಡು ತೋರ್ಸಿ ಏನ್ ಮಾಡ್ತಿ ತಮ್ಮಾ? ಅವೇನ್ ಡಬ್ಬಿ ಕೊಳ್ಳತಾವು?"

ಆತ ಬಿಡಿಸಿ ಹೇಳಿದ. ಬಲೆ ಹಾಕುವ ಕೆಲಸ ಬೇರೆ. ಇದು ದಡ ಕಾಣದಷ್ಟು ದೂರ ಹೋಗಿ, ದೋಣಿ ಸಾವಕಾಶ ಓಡಿಸುತ್ತ, ಹಿಂದೆ ಉದ್ದನ್ನ ದಾರ ಬಿಟ್ಟು ಎಳೆಯುವ ಕೆಲಸ. ಅಲ್ಲಿ ನೀರು ಆಳ, ಮೀನು ಎಲ್ಲಿದೆಯೋ ತಿಳಿಯುವುದಿಲ್ಲ. ಅದಕ್ಕೆ ಒಂದು ದಾರಕ್ಕೆ ಥಳಥಳ ಹೊಳೆಯುವ ತಗಡುಗಳನ್ನು ಸಾಲಾಗಿ ಪೋಣಿಸಿ ಬಿಡುತ್ತಾರೆ. ಇಸ್ವಾಣದಂಥ ದೊಡ್ಡ ಮೀನು ದೂರದಿಂದ ಅದನ್ನು ಕಂಡು, ಸಣ್ಣ ಮೀನಿನ ಹಿಂಡು ಓಡುತ್ತಿದೆ ಎಂದು ಬೆನ್ನು ಹತ್ತುತ್ತದೆ. ಅದರ ಬಾಜು ಇನ್ನೊಂದು ದಾರದಲ್ಲಿ ಗಾಳ, ಗಾಳಕ್ಕೆ ತಿನಿಸು. ಕಾರವಾರದ ಅಂಗಡಿಯ ತಗಡು ತುಟ್ಟಿ, ಅದರ ಮೇಲೆ ದೊಡ್ಡ ಮೀನು ಬಾಯಿ ಹಾಕಿ ಹರಿದುಕೊಂಡು ಹೋಗುತ್ತದೆ, ಹೀಗಾಗಿ ಯಾವಾಗಲೂ ಬೇಕೇ ಬೇಕು ಎಂದ.

ಮರುದಿನವೇ ಹತ್ತು ಮಾಡಿ ಕೊಟ್ಟಳು. ದೋಣಿ ನೀರಿಗಿಳಿದ ವಾರದಲ್ಲಿ ಫೋನು ಬಂತು. ಉಪ್ಪುನೀರಿಗೆ ಮೂರೇ ದಿನದಲ್ಲಿ ತಗಡೆಲ್ಲ ಜಂಗು ಹಿಡಿದು ಕೆಂಪಗಾಗಿತ್ತಂತೆ. ಆಕೆ ಫೋನು ಕೆಳಗಿಟ್ಟು, ನಮ್ಮ ಅಡುಗೆಮನೆಗೆ ಬಂದು, ನನ್ನನ್ನು ಕೇಳದೆ ಹಲಗೆಯ ಮೇಲಿನ ಸ್ಟೀಲ್ ತಾಟು ತೆಗೆದು ಉಗುರಿನಿಂದ ಬಾರಿಸಿ ನೋಡಿದಳು.

"ಇದು ಜಂಗು ಹಿಡಿಯಂಗಿಲ್ಲಲ್ಲ?"

"ಹಿಡಿಯಂಗಿಲ್ಲ. ಕೆಳಗಿಡು, ನಮ್ಮವರ ಉಣ್ಣೂ ತಾಟದು."

ಅಂದಿನಿಂದ ಹಳೆ ಸಾಮಾನು ಕೊಳ್ಳುವ ಮೋಡಕಾ ಅಂಗಡಿಗಳನ್ನೆಲ್ಲ ತಿರುಗಿ, ತಗ್ಗು ಬಿದ್ದ ಸ್ಟೀಲ್ ತಾಟು ಆರಿಸಿ ತರುವುದೇ ಕೆಲಸವಾಯಿತು. ನಮ್ಮ ಕಡೆ ಮದುವೆಯಲ್ಲಿ ಕೊಟ್ಟ ತಾಟಿನ ಅಂಚಿಗೆ ಕೊಟ್ಟವರ ಹೆಸರು ಕೆತ್ತಿಸಿರುತ್ತಾರೆ. ಕತ್ತರಿಸಿದಾಗ ಒಂದು ಚೂರಿನಲ್ಲಿ ಯಾರದೋ ಅರ್ಧ ಹೆಸರು, ಇನ್ನೊಂದರಲ್ಲಿ ಯಾವುದೋ ಊರು. ನಮ್ಮ ಓಣಿಯ ಒಬ್ಬ ಮುದುಕನ ಅಡ್ಡಹೆಸರು ಹಾಗೇ ಪೂರ್ತಿ ಸಿಕ್ಕಿತು. ಆತ ಜನ್ಮದಲ್ಲಿ ಹುಬ್ಬಳ್ಳಿ ದಾಟಿದವನಲ್ಲ. ಖಾಲಾ ಅದನ್ನು ಆತನಿಗೇ ತೋರಿಸಿ, "ಕಾಕಾ, ನೀವು ಇಲ್ಲೇ ಇರ್ರಿ, ನಿಮ್ಮ ಹೆಸರಿಗೆ ಸಮುದ್ರ ತೋರ್ಸಿ ಬರ್ತೇನಿ" ಎಂದಳು. ಆತ ಒಂದು ವಾರ ಅದನ್ನೇ ಹೇಳಿಕೊಂಡು ತಿರುಗಿದ.

ಚೂರುಗಳ ಅಂಚು ಅರದಿಂದ ತಿಕ್ಕಿ, ಬೂದಿ ಹಾಕಿ ಬೆಳಗುವ ಕೆಲಸ ನನಗೆ ಬಂತು. ಮೀನು ಮುಟ್ಟದ ಮನೆ ನಮ್ಮದು. ಸೊಸೆ ಮುಖ ಸಿಂಡರಿಸಿದಳು. "ಅತ್ತಿ, ಮೀನ ಹಿಡಿಯೂ ಸಾಮಾನಕ್ಕ ನೀವು ಕೈ ಹಚ್ಚೂದೇನ್ರಿ?" ಎಂದಳು. ಉಂಡ ತಾಟು ತಿಕ್ಕುತ್ತಿದ್ದೇನೆ, ಅದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ತಾಟಿನ ಹಣೆಬರಹ ಎಂದೆ. ಖರೇ ಹೇಳಬೇಕೆಂದರೆ ನನಗೂ ಮನೆಯಲ್ಲಿ ಬೇಸರವಾಗಿತ್ತು.

ಅಷ್ಟರಲ್ಲಿ ನವಲಗುಂದದ ನನ್ನ ಮಗಳ ಬಾಣಂತನಕ್ಕೆ ಹೋದೆ. ಮೂರು ತಿಂಗಳು ಅಲ್ಲೇ. ತಿರುಗಿ ಬಂದಾಗ ಖಾಲಾ ಸೊರಗಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಚಹಾದ ಕಪ್ಪು ಕಟ್ಟೆಯ ಅಂಚಿಗಿಟ್ಟು ಎರಡು ಸಲ ಒಡೆದಳು. ಕೆಲಸ ಮಾತ್ರ ಜೋರಾಗಿತ್ತು. ನಲವತ್ತು ತಗಡು ಬೇಕೆಂದು ತಾಂಡೇಲ ಹೇಳಿದ್ದ. ನಾನು ಬಂದ ಮೂರನೆಯ ದಿನವೇ ಆತ ಒಯ್ಯಲು ಬರುವವನಿದ್ದ. ಆ ದಿನವೇ ಹುಬ್ಬಳ್ಳಿಯಲ್ಲಿ ಕಣ್ಣಿನ ಡಾಕ್ಟರರನ್ನು ಕಾಣಬೇಕಿತ್ತು ಆಕೆಗೆ.

"ಎಲ್ಲಾ ತಯಾರ ಅದಾವ. ಪೇಪರಿನ್ಯಾಗ ಸುತ್ತಿ ಕಟ್ಟಿ ಕೊಟ್ಟುಬಿಡು" ಎಂದಳು. ಉಳಿದರ್ಧ ಮಾತು ಏನಿತ್ತೋ, ಓಣಿಯ ತಿರುವು ದಾಟಿ ಹೋಯಿತು.

ಬುಟ್ಟಿ ತೆಗೆದು ನೋಡಿದೆ. ಒಂದೂ ಸಪಾಟ ಇರಲಿಲ್ಲ. ಎಲ್ಲ ತಗಡಿನ ಒಂದು ಮೂಲೆ ಸೊಟ್ಟ. ನಡುವೆ ಒಂದು ಬಾಗು. ಒಣಗಿದ ಎಲೆಯ ಹಾಗೆ ಮುದುಡಿಕೊಂಡಿದ್ದವು. ನಾನು ನವಲಗುಂದಕ್ಕೆ ಹೋಗುವಾಗ ಆಕೆ ಕನ್ನಡಿಯಂತೆ ಸಪಾಟ ಮಾಡುತ್ತಿದ್ದಳು. ಪಾಪ, ಕಣ್ಣು ಕಾಣದೆ ಕೆಡಿಸಿಕೊಂಡಿದ್ದಾಳೆ ಎಂದುಕೊಂಡೆ. ಇವನ್ನು ಒಯ್ದು ನೋಡಿದರೆ ತಾಂಡೇಲ ಮುಂದೆ ಕೆಲಸ ಕೊಟ್ಟಾನೆಯೇ? ನಮ್ಮಲ್ಲಿ ರೊಟ್ಟಿಯ ಹಂಚಿನಿಂದ ಹಿಡಿದು ಬಾಗಿಲ ಹಲಗೆಯ ತನಕ ಸೊಟ್ಟ ಸಾಮಾನು ಯಾರೂ ಕೊಳ್ಳುವುದಿಲ್ಲ. ಅಡೆಗಲ್ಲಿನ ಮುಂದೆ ಕುಳಿತೆ. ಕೊಡತಿ ತೆಗೆದುಕೊಂಡು ಒಂದೊಂದನ್ನೇ ಬಡಿದು ನೆಟ್ಟಗೆ ಮಾಡಿದೆ. ಮಧ್ಯಾಹ್ನದ ಊಟ ಬಿಟ್ಟು ಬಡಿದೆ. ಕೆಲಸ ಚೊಕ್ಕ ಆಯಿತೆಂದು ಹೆಮ್ಮೆಯೂ ಆಯಿತು. ಸಂಜೆ ತಾಂಡೇಲ ಬಂದವನು ಬಸ್ಸಿಗೆ ಹೊತ್ತಾಯಿತೆಂದು ಗಂಟು ಬಿಚ್ಚಿ ನೋಡದೆ ಒಯ್ದ. ಬಡಿದ ಸಂಗತಿ ನಾನು ಖಾಲಾಗೆ ಹೇಳಲಿಲ್ಲ. ಕಣ್ಣು ಹೋಯಿತೆಂದು ಯಾಕೆ ಎತ್ತಿ ಆಡಬೇಕು ಎಂದು ಬಿಟ್ಟೆ.

ನಾಲ್ಕನೆಯ ದಿನ ಫೋನು ಬಂತು. ಕೈಗೆ ಪುರುಸೊತ್ತಿಲ್ಲದ್ದಕ್ಕೆ ಆಕೆ ಯಾವಾಗಲೂ ಫೋನನ್ನು ದೊಡ್ಡದಾಗಿ ಮಾತಾಡಲು ಬಿಟ್ಟು ಕೆಲಸ ಮಾಡುವವಳು, ಹೀಗಾಗಿ ನನಗೂ ಕೇಳಿಸಿತು, ಬಾಜುವಿನ ಮೈದುನನಿಗೂ ಕೇಳಿಸಿತು.

"ಆಪಾ, ಏನ್ ಕಳಿಸೀರಿ ಇವು? ನೀರಿನ್ಯಾಗ ಬುಗುರಿ ತಿರಗಿದಂಗ ತಿರಗಿ ಗಾಳದ ದಾರಕ್ಕ ಸುತಗೊಂಡು ಜಡಿ ಆಗ್ಯಾವು. ಕಡದು ಒಗದು ಬಂದೇವಿ. ಎರಡ ದಿನ ಒಂದ ಮೀನ ಇಲ್ಲ. ನಿಮ್ಮ ಕಣ್ಣ ನೋಡ್ಕೋರಿ ಮೊದಲ. ನಾವು ಇಲ್ಲೇ ಅಂಗಡ್ಯಾಗಿನ್ವು ತಗೋತೇವಿ ಇನ್ನ."

ಖಾಲಾ ಎರಡೂ ಕೈ ತಿರುವಿ ತಿರುವಿ ನೋಡಿಕೊಂಡಳು. ಮೈದುನ ಹೊರಗೆ ಬಂದು ನಿಂತ. "ಭಾಬಿ, ಸಾಕ್ ಮಾಡ್ರಿ ಇನ್ನ. ಕಣ್ಣಿನ ಆಪರೇಷನ್ ನಾ ಮಾಡಸ್ತೇನಿ. ಶನಿವಾರ ಗ್ವಾಡಿ ತಗಸೂಣ್ರೀ?" ಎಂದು ಮೆತ್ತಗೇ ಕೇಳಿದ. ಆಕೆ ಆತು ಎಂದಳು. ಆಮೇಲೆ ಅಂಗಡಿಯ ಹೊಸ್ತಿಲಿನ ಮೇಲೆ ಕುಳಿತಳು.

ಆ ಕೂತವಳು ಏಳಲಿಲ್ಲ. ಸೋಮವಾರ ಕೂತಳು, ಮಂಗಳವಾರ ಕೂತಳು. ಓಣಿಯ ಜನ ನಮಸ್ಕಾರ ಹೇಳಿ ದಾಟಿದರೆ ಗೋಣು ಹಾಕುವಳು, ಅಷ್ಟೇ. ಏನೋ ತಪ್ಪು ನನ್ನಿಂದಲೇ ಆಗಿದೆ ಎಂಬುದು ಫೋನು ಕೇಳಿದಾಗಲೇ ಹೊಳೆದಿತ್ತು. ಯಾರ ಮುಖಕ್ಕಾದರೂ ಇದ್ದದ್ದು ಇದ್ದಂತೆ ಹೇಳುವವಳು ಎಂದು ನನಗೆ ಹೆಸರು. ಸೊಸೆಗೆ ಹೇಳಿದ್ದೇನೆ, ಬೀಗರಿಗೆ ಹೇಳಿದ್ದೇನೆ, ಒಬ್ಬ ಸ್ವಾಮಿಗಳಿಗೂ ಹೇಳಿದ್ದೇನೆ. ಇಲ್ಲಿ ನಾಲಿಗೆ ಏಳಲಿಲ್ಲ. ಬುಧವಾರ ಮೈದುನ ಗೌಂಡಿಯನ್ನು ಕರೆತಂದು ಗೋಡೆ ಅಳೆಸಿದ. ಅಳೆಯುವ ಪಟ್ಟಿ ಆಕೆಯ ತಲೆಯ ಮೇಲಿನಿಂದ ಹಾದುಹೋಯಿತು. ಆಕೆ ಬಗ್ಗಿ ಜಾಗ ಬಿಟ್ಟಳು. ಇನ್ನು ತಡೆಯಲಾಗಲಿಲ್ಲ.

"ಖಾಲಾ, ಅವನ್ನ ನಾ ಬಡದೇನಿ."

"ಯಾವನ್ನ?"

"ತಗಡು. ಸೊಟ್ಟ ಆಗ್ಯಾವಂತ ಎಲ್ಲಾ ಸಪಾಟ ಮಾಡಿ ಕಟ್ಟಿ ಕೊಟ್ಟೆ."

ಆಕೆ ನನ್ನ ಮುಖ ನೋಡಿದಳು. "ನಲ್ವತ್ತೂ?"

"ನಲ್ವತ್ತೊಂದು. ಒಂದು ಹೆಚ್ಚಿಗಿ ಇತ್ತು."

"ಹಂಗಾರ ನನ್ನ ಕೈ ತಪ್ಪಿಲ್ಲ."

"ಇಲ್ಲ."

"ಕಣ್ಣ ಹೋದ್ರೂ ಕೈ ತಪ್ಪಿಲ್ಲ?"

"ಇಲ್ಲಂದ್ನೆಲ್ಲ. ಬೈಯೂದಿದ್ರ ಬೈದುಬಿಡು."

"ನಿನ್ನ ಕೈಗೆ ಹುಳ ಬೀಳ್ಲಿ" ಎಂದಳು, ಎದ್ದು ನಿಂತಳು. ನನಗೆ ಜೀವ ಬಂತು. ಆಮೇಲೆ ಅತ್ತಿಂದಿತ್ತ ತಿರುಗಾಡುತ್ತ, ಬೈಯುತ್ತ, ನಡುನಡುವೆ ಹೇಳುತ್ತ ಹೋದಳು. ಸಪಾಟ ತಗಡು ನೀರಿನಲ್ಲಿ ಸತ್ತ ಹಾಗೆ ಬರುತ್ತದೆ, ಇಲ್ಲವೇ ಗರಗರ ತಿರುಗುತ್ತದೆ. ಪೆಟ್ಟು ತಿಂದ ಮೀನು ಅತ್ತ ಬಿದ್ದು ಇತ್ತ ಬಿದ್ದು ತೊನೆಯುತ್ತ ಹೋದಂತೆ ಹೋಗಬೇಕು. ಹಾಗೆ ತೊನೆದಾಗಷ್ಟೇ ಬೆಳಕು ಬಡಿದು ಬಡಿದು ಹೊಳೆಯುತ್ತದೆ. ಮೊದಮೊದಲಿನ ಸಪಾಟ ತಗಡು ಹಾಗೇ ತಿರುಗಿದ್ದಕ್ಕೆ, ನಾನು ಊರಲ್ಲಿಲ್ಲದ ಮೂರು ತಿಂಗಳು ಆಕೆ ತಗಡಿಗೆ ದಾರ ಕಟ್ಟಿಕೊಂಡು ಕೆರೆಯ ದಂಡೆಗುಂಟ ದಿನಾ ಓಡಿದ್ದಳಂತೆ. ಎಷ್ಟು ಸೊಟ್ಟ ಮಾಡಿದರೆ ಹೇಗೆ ತೊನೆಯುತ್ತದೆ ಎಂದು ನೋಡಲು. ಬಟ್ಟೆ ಒಗೆಯುವ ಹೆಂಗಸರು ಈಕೆಗೆ ತಲೆ ಕೆಟ್ಟಿದೆ ಎಂದಿದ್ದರಂತೆ.

"ಇಷ್ಟೆಲ್ಲಾ ನನಗ ಯಾಕ ಹೇಳಲಿಲ್ಲ?"

"ಹೇಳಾಕ ನಿಂತಿದ್ರ ಮಾಡಾಕ ಯಾರಿದ್ರು? ನಡಿ, ಕಾರವಾರಕ್ಕ ಹೋಗೂಣು."

ಆ ದಿನ ಕುಳಿತು ಎಂಟು ತಗಡು ಮಾಡಿದಳು. ಕಣ್ಣಿಗಿಂತ ಬೆರಳಿನಿಂದಲೇ ನೋಡುವುದನ್ನು ನಾನು ಆಗ ಗಮನಿಸಿದೆ. ಮೂಲೆಯನ್ನು ಹೆಬ್ಬೆರಳಿನಿಂದ ಸವರಿ, ಒಂದು ಸಣ್ಣ ಪೆಟ್ಟು, ಮತ್ತೆ ಸವರುವುದು. ಗುರುವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆವು. ಮೈದುನ ಬಾಗಿಲಲ್ಲಿ ಹಲ್ಲು ತಿಕ್ಕುತ್ತ ನಿಂತಿದ್ದ. "ಶನಿವಾರದ ಮಾತು ಮಾತ, ನಾ ಬಂದ ಮ್ಯಾಲೆ ಗುದ್ದಲಿ ಹಾಕಸು" ಎಂದಳು ಅವನಿಗೆ. ಘಟ್ಟ ಇಳಿಯುವಾಗ ನಾನು ಎರಡು ಸಲ ವಾಂತಿ ಮಾಡಿಕೊಂಡೆ. ಆಕೆ ಮೂರು ಸಲ ಸೀಟು ಬದಲಿಸಿದಳು.

ಬಂದರದಲ್ಲಿ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಿಂತೆ. ತಾಂಡೇಲ ನಮ್ಮನ್ನು ನೋಡಿ ಗಾಬರಿಯಾದ. ಚಹಾ ತರಿಸಿದ, ಮನೆಗೆ ನಡೆಯಿರಿ ಎಂದ. ತಗಡಿನ ಮಾತು ತೆಗೆದಾಗ ಒಂದು ಡಬ್ಬಿ ತೆಗೆದು ತೋರಿಸಿದ. ಒಳಗೆ ಅಂಗಡಿಯ ಹೊಸ ಸಾಮಾನು, ಹಸಿರು, ಗುಲಾಬಿ, ಬಣ್ಣಬಣ್ಣದ್ದು. "ಈ ಸೀಜನ್ನಿಗೆ ಇವು ಸಾಕ್ರಿ ಆಪಾ. ದೋಣಿ ಮಂದೀನೂ ಇವನ್ನ ಕೇಳ್ತಾರ. ನನಗೂ ನಾಲ್ಕ ಮಂದಿಗೆ ಉತ್ತರ ಹೇಳಬೇಕಲ್ಲ?" ಎಂದ.

ನಾನು ಮುಂದೆ ಹೋದೆ. "ತಪ್ಪ ಆಕೀದಲ್ಲ ತಮ್ಮಾ. ಸೊಟ್ಟ ಇದ್ದಾವು, ನಾ ಬಡದು ನೆಟ್ಟಗ ಮಾಡೇನಿ."

ಆತನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಗುತ್ತ ಅಲ್ಲೇ ಬಲೆಯ ರಾಶಿಯ ಮೇಲೆ ಕುಸಿದ. "ಅವ್ವಾರ, ರೊಟ್ಟಿ ಅಂದ್ಕೊಂಡ್ರೇನ್ರಿ ಅವನ್ನ?"

"ಸೊಟ್ಟ ರೊಟ್ಟಿ ಕೊಟ್ರ ನೀ ತಿಂತಿದ್ದೇನು?" ಎಂದೆ. ಸುತ್ತಲಿನವರೂ ನಕ್ಕರು. ನಗಲಿ. ಖಾಲಾ ಮಾತ್ರ ನಗಲಿಲ್ಲ.

"ನಕ್ಕದ್ದು ಸಾಕು. ನೀರಿಗೆ ಹಾಕಿ ನೋಡು. ತಿರಗಿದ್ರ ನಾ ಹೋಗಿ ಅಂಗಡಿ ಬಿಟ್ಟು ಕೊಡ್ತೇನಿ, ಮತ್ತ ನಿನ್ನ ಕಡೆ ಬರಂಗಿಲ್ಲ."

ಹೆಂಡತಿಯ ಅಕ್ಕ, ಅಷ್ಟು ದೂರದಿಂದ ಬಂದವಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ ಆತನಿಗೆ. ಒಂದು ಸಣ್ಣ ದೋಣಿಗೆ ನಮ್ಮನ್ನು ಹತ್ತಿಸಿದ. ನಾನು ಎರಡೂ ಕೈಯಿಂದ ಹಲಗೆ ಹಿಡಿದು ಕುಳಿತೆ. ಹತ್ತಿ, ಕಡಲೆ ಬೆಳೆಯುವ ಎರೆಹೊಲ ಬಿಟ್ಟು ಬೇರೆ ಬಯಲನ್ನು ನೋಡಿದವಳಲ್ಲ ನಾನು. ಈ ಬಯಲು ಒಂದು ಗಳಿಗೆ ಸುಮ್ಮನಿರುವುದಿಲ್ಲ. ಆಕೆಗೆ ಅದು ಸರಿಬಂದಿತ್ತೆಂದು ಕಾಣುತ್ತದೆ. ಹಗ್ಗ ಹಿಡಿದು ನಿಂತೇ ಬಂದಳು. ಮನೆಗಳು ಕಡ್ಡಿಪೆಟ್ಟಿಗೆಯಷ್ಟಾದವು, ಆಮೇಲೆ ಅವೂ ಕಾಣಲಿಲ್ಲ. ಒಂದು ನಡುಗಡ್ಡೆ ದಾಟಿದ ಮೇಲೆ ಇಂಜಿನ್ನಿನ ಸಪ್ಪಳ ಸಣ್ಣದು ಮಾಡಿ, ಎಂಟು ತಗಡಿನ ಸಾಲನ್ನು ತಾಂಡೇಲ ಹಿಂದೆ ಬಿಟ್ಟ.

"ಏನ್ ಕಾಣತೈತಿ, ಹೇಳು" ಎಂದಳು ನನಗೆ. ದೂರದ್ದು ಆಕೆಗೆ ಮಂಜು ಮಂಜು.

"ತೊನೀತಾವು."

"ತಿರಗತಾವೇನು? ಸರಿಯಾಗಿ ನೋಡು."

"ಇಲ್ಲ. ಅತ್ತ ಬಿದ್ದು ಇತ್ತ ಬೀಳತಾವು. ಹೊಳೀತಾವು. ಆರತಾವು. ಮತ್ತ ಹೊಳೀತಾವು."

ಉಂಡು ತಿಕ್ಕಿದ ತಾಟುಗಳವು. ನೀರೊಳಗೆ ಜೀವ ಬಂದಂತೆ ಓಡುತ್ತಿದ್ದವು. ನಾನು ಎಷ್ಟೋ ಹೊತ್ತು ಕಣ್ಣು ಕೀಳದೆ ನೋಡಿದೆ. ಬಿಸಿಲು ನೆತ್ತಿಗೆ ಬಂತು. ಏನೂ ಬರಲಿಲ್ಲ. ತಾಂಡೇಲ ಬೀಡಿ ಹಚ್ಚಿ, "ಚಲೋ ಅದಾವ್ರಿ ಆಪಾ, ಇಲ್ಲಂತಲ್ಲ. ಆದ್ರ ಮೀನಿನ ಮನಸು ಯಾರಿಗೆ ತಿಳೀತೈತಿ? ತಿರಗೂಣ್ರಿ ಇನ್ನ" ಎಂದ. ಖಾಲಾ ಹಗ್ಗವನ್ನು ಗಟ್ಟಿಯಾಗಿ ಹಿಡಿದಳು.

ಆಗ ಸಾಲಿನ ಹಿಂದೆ ನೀರಿನ ಬಣ್ಣ ಬೇರೆಯಾಯಿತು. ಮೋಡದ ನೆರಳೆಂದುಕೊಂಡೆ. ನೆರಳಿಗೆ ಬಾಲ ಇತ್ತು. ನನ್ನ ಅರ್ಧ ಆಳಿನಷ್ಟು ಉದ್ದ, ಬೆನ್ನು ಕಪ್ಪುನೀಲಿ, ಪಕ್ಕೆ ಬೆಳ್ಳಿ. ಅವಸರವಿಲ್ಲದೆ ಮೇಲೆದ್ದು ಕೊನೆಯ ತಗಡಿನ ಹಿಂದೆ ಬಂತು. ಅದನ್ನು ಬಿಟ್ಟು ಅದರ ಮುಂದಿನದಕ್ಕೆ ಬಂತು. ಒಂದೊಂದನ್ನೇ ಮೂಸಿ ನೋಡಿದಂತೆ ನಮ್ಮ ಹತ್ತಿರ ಹತ್ತಿರ ಬಂತು.

"ಇಸ್ವಾಣ" ಎಂದ ತಾಂಡೇಲ. ಬೀಡಿ ನೀರಿಗೆ ಬಿತ್ತು. ಈಗ ಖಾಲಾಗೂ ಕಂಡಿತು. ಅಷ್ಟು ಹತ್ತಿರ ಬಂದಿತ್ತು. ಅದು ಅತ್ತ ನೋಡಿತು, ಇತ್ತ ನೋಡಿತು, ತಿನ್ನಲು ಏನನ್ನೋ ಹುಡುಕಿದಂತೆ ಒಂದು ಸುತ್ತು ಹಾಕಿತು. ಆಮೇಲೆ ಬಾಲ ಒಮ್ಮೆ ಬೀಸಿ ಕೆಳಗಿನ ಕಪ್ಪಿಗೆ ಹೋಯಿತು.

ತಾಂಡೇಲ ಹಣೆ ಬಡಿದುಕೊಂಡ. ಹೆಂಗಸರ ಸಮಾಧಾನಕ್ಕೆ ಒಂದು ಸುತ್ತು ತಿರುಗಿಸಿ ತಂದರಾಯಿತು ಎಂದು ಬಂದವನು, ಗಾಳದ ದಾರವನ್ನು ಬಿಟ್ಟೇ ಇರಲಿಲ್ಲ. ಅದು ದೋಣಿಯ ಮೂಲೆಯಲ್ಲಿ ಸುತ್ತಿದಂತೆಯೇ ಬಿದ್ದಿತ್ತು.

ಇಂಜಿನ್ ತಿರುಗಿಸಿ ದಡದ ಕಡೆ ಮುಖ ಮಾಡಿದ. ಮನೆಗಳು ಕಾಣತೊಡಗಿದಾಗ, ನಮ್ಮ ಕಡೆ ನೋಡದೆ ಕೇಳಿದ: "ಆಪಾ, ತಿಂಗಳಿಗೆ ಎಷ್ಟ ಮಾಡಿ ಕೊಡ್ತೀರಿ?"

"ಅದನ್ನ ಆಮೇಲೆ ಹೇಳ್ತೇನಿ" ಎಂದಳು ಖಾಲಾ. "ಮೀನ ಕರದು ತಂದು ಬಾಗಲಕ್ಕ ನಿಂದರಿಸಿದೆ. ನಿನ್ನ ಗಾಳ ಎಲ್ಲಿತ್ತು, ಅದನ್ನ ಹೇಳು ಮೊದಲ."